ಸಣ್ಣ ಎಲೆಕ್ಟ್ರಿಕ್ ಎಸ್‌ಯುವಿ ತಗೋಳೂ ಮುಂಚೆ ಸೇಫ್ಟಿ ಹೆಂಗ ನೋಡೂದು: ಬರೇ ಸ್ಟಾರ್ ಕೇಳಿ ಅಡ್ವಾನ್ಸ್ ಕೊಡಬ್ಯಾಡ್ರಿ

ಹೋದ ಕಬ್ಬಿನ ಸೀಸನ್‌ನ್ಯಾಗ ನಮ್ಮ ಮಾಮಾ, ಅಂದ್ರ ಅಕ್ಕನ ಗಂಡ, ರಾತ್ರಿ ಎಂಟೂವರೆ ಸುಮಾರಿಗೆ ಮುಧೋಳದಿಂದ ಜಮಖಂಡಿಗೆ ಬರಾಕತ್ತಿದ್ರು. ಮುಂದ ಒಂದು ಟ್ರ್ಯಾಕ್ಟರ್, ಅದಕ್ಕ ಎರಡು ಟ್ರೇಲರ್, ಮ್ಯಾಲಿಂದ ಕೆಳಗ ತನಕ ಕಬ್ಬು, ಹಿಂದ ಲೈಟ್ ಇಲ್ಲ ರಿಫ್ಲೆಕ್ಟರ್ ಇಲ್ಲ, ಎದುರಿಂದ ಬಂದ ಲಾರಿ ಹೈಬೀಮ್‌ಗೆ ಕಣ್ಣು ಕತ್ತಲಾಗಿ ಟ್ರೇಲರ್ ಕಂಡಿದ್ದ ಕಡೀ ಗಳಿಗ್ಯಾಗ. ಬ್ರೇಕ್ ಒತ್ತಿ ಎಡಕ್ಕ ಎಳಕೊಂಡ್ರು, ಆದ್ರೂ ಗಾಡಿ ಬಲಗಡೆ ಮುಂಭಾಗ ಹೋಗಿ ಟ್ರೇಲರ್ ಮೂಲಿಗೆ ಬಡೀತು. ಹಳೀ ಪೆಟ್ರೋಲ್ ಗಾಡಿ, ಏರ್‌ಬ್ಯಾಗ್ ಇಲ್ಲದ್ದು. ಮಾಮಾನ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡದು ಒಂದೂವರೆ ತಿಂಗಳು ಕಟ್ಟು ಹಾಕಿಸಿದ್ರು, ಹಿಂದಿನ ಸೀಟಿನ್ಯಾಗ ಅಕ್ಕನ ತೊಡಿ ಮ್ಯಾಲ ಕುಂತಿದ್ದ ನಾಲ್ಕು ವರ್ಷದ ಸೊಸಿ, ಅಂದ್ರ ಅಕ್ಕನ ಮಗಳು, ಮುಂದಿನ ಸೀಟಿಗೆ ಬಡದು ಹಣಿ ಒಡಕೊಂಡ್ಲು, ಐದು ಹೊಲಿಗಿ ಬಿದ್ದುವು. ಜೀವ ಉಳದಾವ, ಅಷ್ಟ ಸಾಕು ಅಂತ ಮನ್ಯಾಗ ಎಲ್ಲಾರೂ ಅಂದ್ರು, ನನಗ ಅಷ್ಟ ಸಾಕಾಗಲಿಲ್ಲ.

ಮಾಮಾಗ ದಿನಾ ಎಂಬತ್ತು ತೊಂಬತ್ತು ಕಿಲೋಮೀಟರ್ ಓಡಾಟ ಐತಿ, ಮನಿ ಮ್ಯಾಲ ಸೋಲಾರ್ ಹಾಕ್ಯಾರ, ಹಂಗಾಗಿ ಹೊಸಾದು ತಗೊಂಡ್ರ ಸಣ್ಣ ಎಲೆಕ್ಟ್ರಿಕ್ ಎಸ್‌ಯುವಿನ ತಗೋಳೂದು ಅಂತ ಮೊದಲ ಠರಾಯಿಸಿದ್ರು. ಗಾಡಿ ಯಾವುದು ಅನ್ನೂದು ನನ್ನ ಹೆಗಲಿಗೆ ಬಿತ್ತು. ಮೂರು ತಿಂಗಳು ಇದನ್ನ ಹಿಡಕೊಂಡು ಕುಂತೆ, ಬೆಳಗಾವಿ, ಹುಬ್ಬಳ್ಳಿ, ವಿಜಯಪುರ ಶೋರೂಮ್ ಎಲ್ಲಾ ತಿರುಗಿದ್ವಿ, ರಿಪೋರ್ಟ್ ಓದಿದೆ, ಗಾಡಿ ಕೆಳಗ ಮಲಗಿ ನೋಡಿದೆ. ಎಲ್ಲಾ ಶೋರೂಮ್‌ನ್ಯಾಗೂ ಬಾಗಲದಾಗ ಕೇಳೂ ಮೊದಲನೇ ಮಾತು "ಸರ್, ಫೈವ್ ಸ್ಟಾರ್ ಐತ್ರಿ". ಆ ಮಾತು ಸುಳ್ಳಲ್ಲ, ಆದ್ರ ಯಾವ ಗಾಡಿಗೆ, ಯಾವ ವೇರಿಯಂಟ್‌ಗೆ, ಯಾವ ವರ್ಷ, ಯಾವ ಟೆಸ್ಟಿನ್ಯಾಗ ಅಂತ ನಾಲ್ಕು ಪ್ರಶ್ನೆ ಕೇಳಿದ್ರ ಮುಕ್ಕಾಲು ಮಂದಿ ಸುಮ್ಮನಾಗ್ತಾರ. ಆ ನಾಲ್ಕು ಪ್ರಶ್ನೆಗೆ ಉತ್ತರ ನೀವ ಹೆಂಗ ಹುಡಕಬೇಕು ಅನ್ನೂದು ಮೊದಲು ಹೇಳ್ತೀನಿ, ಬ್ಯಾಟರಿ ವಿಷಯ ಆಮ್ಯಾಲ.

ರಿಪೋರ್ಟ್ ತಗದು ನೀವ ಓದ್ರಿ

ಗಾಡಿನ ಬೇಕಂತನ ಬಡಿಸಿ ನೋಡಿ ಸೇಫ್ಟಿಗೆ ಸ್ಟಾರ್ ಕೊಡೂ ಟೆಸ್ಟ್, ನಮ್ಮ ದೇಶದ್ದು ಅಂತ ಭಾರತ್ ಎನ್‌ಕ್ಯಾಪ್ ಐತಿ. 2023ರ ಆಗಸ್ಟ್ 22ಕ್ಕ ನಿತಿನ್ ಗಡ್ಕರಿ ಅವರು ಶುರು ಮಾಡಿದ್ರು, ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದರ ವೆಬ್‌ಸೈಟಿನ್ಯಾಗ ಟೆಸ್ಟ್ ಆದ ಪ್ರತಿ ಗಾಡಿ ರಿಪೋರ್ಟ್ ಪುಕ್ಕಟೆ ಸಿಗ್ತೈತಿ, ಮೊಬೈಲ್‌ನ್ಯಾಗ ಓದಬಹುದು. ಟೆಸ್ಟ್ ಆದ ಗಾಡಿಗೆ ಕ್ಯೂಆರ್ ಕೋಡ್ ಇರೂ ಸ್ಟಿಕರ್ ಕೊಡೂ ಪದ್ಧತಿನೂ ಐತಿ, ಶೋರೂಮ್‌ನ್ಯಾಗ ಡೆಮೋ ಗಾಡಿ ಮ್ಯಾಲ ಇದ್ರ ಅಲ್ಲೇ ಸ್ಕ್ಯಾನ್ ಮಾಡ್ರಿ. ಒಂದು ಮಾತು ನೆನಪಿನ್ಯಾಗ ಇಟಗೋರಿ, ಈ ಟೆಸ್ಟ್ ಕಡ್ಡಾಯ ಅಲ್ಲ, ಕಂಪನಿ ತಾನಾಗಿ ಗಾಡಿ ಕೊಟ್ರ ಮಾತ್ರ ಆಗ್ತೈತಿ. ಅಂದ್ರ ಪಟ್ಟ್ಯಾಗ ಹೆಸರಿಲ್ಲದ ಗಾಡಿ ಕೆಟ್ಟದ್ದು ಅಂತ ಅಲ್ಲ, ಅದರ ಬಗ್ಗೆ ನಿಮ್ಮ ಕೈಯಾಗ ಪುರಾವೆ ಏನೂ ಇಲ್ಲ ಅಂತ. ನಾನಂತೂ ಪುರಾವೆ ಇಲ್ಲದ ಗಾಡಿಗೆ ಹದಿನೈದು ಲಕ್ಷ ಹಾಕು ಅಂತ ಮಾಮಾಗ ಹೇಳಂಗಿಲ್ಲ ಅಂತ ಮೊದಲ ದಿನಾನ ಹೇಳಿಬಿಟ್ಟೆ.

ಟೆಸ್ಟ್ ಮೂರು ಥರ. ಮೊದಲನೇದು ಮುಂದಿನಿಂದ, ಗಂಟೆಗೆ 64 ಕಿಲೋಮೀಟರ್ ಸ್ಪೀಡ್‌ನ್ಯಾಗ, ಗಾಡಿ ಅಗಲದ 40 ಪರ್ಸೆಂಟ್ ಭಾಗ ಮಾತ್ರ, ಡ್ರೈವರ್ ಕಡಿ, ಅಡ್ಡ ಇಟ್ಟ ಬ್ಯಾರಿಯರ್‌ಗೆ ಬಡೀತೈತಿ. ಮಾಮಾನ ಗಾಡಿ ಟ್ರೇಲರ್ ಮೂಲಿಗೆ ಬಡದದ್ದು ಹೆಚ್ಚು ಕಡಿಮಿ ಇದ ನಮೂನಿ, ಪೂರ್ತಿ ಮುಖ ಅಲ್ಲ, ಬಲಗಡೆ ಒಂದು ಪಾಲು ಮಾತ್ರ, ಅದಕ್ಕ ಈ ಟೆಸ್ಟಿನ ಫೋಟೋ ನೋಡಿದಾಗ ನನಗ ಕೈ ತಣ್ಣಗಾಗಿತ್ತು. ಎರಡನೇದು ಬಾಜೂಕಿಂದ, 50ರ ಸ್ಪೀಡ್‌ನ್ಯಾಗ ಒಂದು ಟ್ರಾಲಿ ಬಂದು ಬಡೀತೈತಿ. ಮೂರನೇದು ಕಂಬದ ಟೆಸ್ಟ್, 29ರ ಸ್ಪೀಡ್‌ನ್ಯಾಗ ಗಾಡಿ ಬಾಜೂ ಹೋಗಿ ಕಂಬಕ್ಕ ಬಡೀತೈತಿ, ಇಲ್ಲಿ ತಲಿ ಉಳೀಬೇಕಂದ್ರ ಬಾಜೂ ಕಿಟಕಿ ಮ್ಯಾಲಿಂದ ಪರದೆಯಂಗ ಇಳಿಯೂ ಕರ್ಟನ್ ಏರ್‌ಬ್ಯಾಗ್ ಬೇಕ ಬೇಕು. ರೋಡ್ ಬಾಜೂ ಹುಣಸಿ ಗಿಡ, ಲೈಟ್ ಕಂಬ ಇರೂ ನಮ್ಮ ಕಡಿ ರಸ್ತೆಕ್ಕ ಇದೂ ಸಣ್ಣ ಮಾತಲ್ಲ.

ಮಾರ್ಕ್ಸ್ ಹೆಂಗಂದ್ರ, ದೊಡ್ಡವರ ರಕ್ಷಣೆಗೆ 32, ಮಕ್ಕಳ ರಕ್ಷಣೆಗೆ 49. ಐದು ಸ್ಟಾರ್ ಬರಬೇಕಂದ್ರ ದೊಡ್ಡವರದು 27, ಮಕ್ಕಳದು 41 ಆದ್ರೂ ಬೇಕು. ಮತ್ತ ಮೂರು ಸ್ಟಾರ್ ಇಲ್ಲಾ ಅದಕ್ಕಿಂತ ಹೆಚ್ಚು ಬರಬೇಕಂದ್ರ ಇಎಸ್‌ಸಿ (ಗಾಡಿ ಜಾರಿದಾಗ ತಾನ ಬ್ರೇಕ್ ಹಿಡದು ಹದಕ್ಕ ತರೂ ವ್ಯವಸ್ಥೆ), ಮುಂದಿನ ಸೀಟಿಗೆ ಬೆಲ್ಟ್ ರಿಮೈಂಡರ್, ಬಾಜೂಕಿಂದ ತಲಿ ರಕ್ಷಣೆ, ನಡಕೊಂಡು ಹೋಗೋರ ರಕ್ಷಣೆ ನಿಯಮ ಇವೆಲ್ಲಾ ಇರಬೇಕು. ಅಂದ್ರ 27 ತಗೊಂಡದ್ದೂ ಐದು ಸ್ಟಾರ್, 32 ತಗೊಂಡದ್ದೂ ಐದು ಸ್ಟಾರ್, ಸ್ಟಿಕರ್ ಮ್ಯಾಲ ಎರಡೂ ಒಂದ. ಅದಕ್ಕ ಸ್ಟಾರ್ ಬಿಟ್ಟು ಮಾರ್ಕ್ಸ್ ನೋಡ್ರಿ ಅಂತೀನಿ. 2024ರ ಜೂನ್‌ನ್ಯಾಗ ಬಂದ ರಿಸಲ್ಟ್ ಪ್ರಕಾರ ಟಾಟಾ ಪಂಚ್ ಇವಿಗೆ ದೊಡ್ಡವರದು 31.46, ಮಕ್ಕಳದು 45, ನೆಕ್ಸಾನ್ ಇವಿಗೆ 29.86 ಮತ್ತ 44.95. ಅದ ವರ್ಷ ನವೆಂಬರ್‌ನ್ಯಾಗ ಮಹೀಂದ್ರಾ ಎಕ್ಸ್‌ಯುವಿ400ಕ್ಕ 30.38 ಮತ್ತ 43. ಮೂರೂ ಚಲೋ ಮಾರ್ಕ್ಸ್, ಆದ್ರ ಮಾರ್ಕ್ಸ್ ಕೆಳಗ ಮನಷ್ಯಾನ ಆಕಾರದ ಚಿತ್ರ ಕೊಟ್ಟಿರ್ತಾರ, ತಲಿ, ಎದಿ, ಮೊಣಕಾಲು, ಪಾದ ಒಂದೊಂದಕ್ಕ ಒಂದೊಂದು ಬಣ್ಣ. ಹಸರು ಅಂದ್ರ ಚಲೋ, ಹಳದಿ ಅಂದ್ರ ನಡೀತೈತಿ, ಕೇಸರಿ ಅಂದ್ರ ಅಷ್ಟಕ್ಕಷ್ಟ, ಕಂದು ಅಂದ್ರ ದುರ್ಬಲ, ಕೆಂಪು ಅಂದ್ರ ಕೆಟ್ಟದ್ದು. ಆ ಚಿತ್ರ ಐದು ನಿಮಿಷ ಕಣ್ಣಿಟ್ಟು ನೋಡ್ರಿ, ಡ್ರೈವರ್ ಎದಿ ಹೆಂಗೈತಿ, ಬಾಜೂ ಕುಂತವರ ಎದಿ ಹೆಂಗೈತಿ, ಮೊಣಕಾಲು ಹೆಂಗೈತಿ. ಮಾಮಾ ಆ ಚಿತ್ರದಾಗ ಮೊದಲ ನೋಡಿದ್ದ ಮೊಣಕಾಲು.

ಇನ್ನ ರಿಪೋರ್ಟಿನ್ಯಾಗ ಟೆಸ್ಟ್ ಮಾಡಿದ ವೇರಿಯಂಟ್ ಯಾವುದು, ಈ ರೇಟಿಂಗ್ ಯಾವ್ಯಾವ ವೇರಿಯಂಟ್‌ಗೆ ಲಾಗೂ ಆಗ್ತೈತಿ ಅಂತ ಬರದಿರ್ತಾರ. ನೀವು ತಗೋಳೂ ವೇರಿಯಂಟ್ ಹೆಸರು ಆ ಸಾಲಿನ್ಯಾಗ ಐತೋ ಇಲ್ಲೋ ಬಟ್ಟಿಟ್ಟು ನೋಡ್ರಿ. ಟೆಸ್ಟ್ ಆದಮ್ಯಾಲ ಕಂಪನಿ ಹೊಸ ಬ್ಯಾಟರಿ ಸೈಜ್ ತಂದಿರ್ತೈತಿ, ಫೇಸ್‌ಲಿಫ್ಟ್ ತಂದಿರ್ತೈತಿ, ಅದು ಆ ಪಟ್ಟ್ಯಾಗ ಇರ್ತೈತಿ ಅಂತ ತಿಳಕೋಬ್ಯಾಡ್ರಿ.

ಹಳೇ ಸ್ಟಾರ್ ಹೊಸ ಗಾಡಿಗೆ ಅಂಟಿಸೂದು ಇನ್ನೊಂದು ಕಾಯಂ ಚಾಳಿ. ಒಂದು ಶೋರೂಮ್‌ನ್ಯಾಗ ಎಲೆಕ್ಟ್ರಿಕ್ ಗಾಡಿ ತೋರಿಸ್ಕೋತ ಅದ ಹೆಸರಿನ ಪೆಟ್ರೋಲ್ ಗಾಡಿ ಹಳೇ ಗ್ಲೋಬಲ್ ಎನ್‌ಕ್ಯಾಪ್ (ಇಂಥಾದ್ದ ಟೆಸ್ಟ್ ಮಾಡೂ ವಿದೇಶದ ಸಂಸ್ಥೆ) ರೇಟಿಂಗ್ ಹೇಳಿದ್ರು, ನಾನು ಮೊಬೈಲ್ ತಗದು ತಾರೀಖು ತೋರಿಸಿದ ಮ್ಯಾಲ ಆ ಹುಡುಗಗೂ ಗೊತ್ತಾತು, ಪಾಪ ಅವಗ ಯಾರೂ ಹೇಳಿಕೊಟ್ಟಿದ್ದಿಲ್ಲ. ಗ್ಲೋಬಲ್ ಎನ್‌ಕ್ಯಾಪ್ 2022ರ ಜುಲೈಕ್ಕ ನಿಯಮ ಬಿಗಿ ಮಾಡ್ತು. ಅದಕ್ಕಿಂತ ಮುಂಚೆ ದೊಡ್ಡವರದು 17 ಮಾರ್ಕ್ಸಿನ ಲೆಕ್ಕ, ಇಎಸ್‌ಸಿ, ಕಂಬದ ಟೆಸ್ಟ್ ಬೇಕಂತ ಇದ್ದಿಲ್ಲ. 2021ರಾಗ ಪೆಟ್ರೋಲ್ ಪಂಚ್‌ಗೆ ಬಂದ ಐದು ಸ್ಟಾರ್ ಆ ಹಳೇ ಲೆಕ್ಕದ್ದು, 2024ರಾಗ ಪಂಚ್ ಇವಿಗೆ ಬಂದದ್ದು ಹೊಸ ಲೆಕ್ಕದ್ದು, ಎರಡಕ್ಕೂ ಐದ ಐದು ಅಂತ ಒಂದ ತಕ್ಕಡ್ಯಾಗ ಹಾಕಾಕ ಬರಂಗಿಲ್ಲ. ಮತ್ತ ಪೆಟ್ರೋಲ್ ಗಾಡಿಗೂ ಅದರ ಎಲೆಕ್ಟ್ರಿಕ್ ತಮ್ಮಗೂ ಹೆಸರು ಒಂದ ಆದ್ರೂ ಮೈ ಬ್ಯಾರೆ, ಬ್ಯಾಟರಿ ಭಾರ ಅಂದ್ರ ಇನ್ನೂರು ಮುನ್ನೂರು ಕೆಜಿ ಹೆಚ್ಚಾಗ್ತೈತಿ, ಅಷ್ಟು ಭಾರ ಹೊತ್ತು ಬಡದಾಗ ಬಾಡಿ ತಡಕೊಳ್ಳೂ ರೀತಿನೂ ಬದಲಾಗ್ತೈತಿ. ಎಲೆಕ್ಟ್ರಿಕ್ ಗಾಡಿದು ಅದರದ ಆದ ರಿಪೋರ್ಟ್ ಬೇಕು. ವಿದೇಶದ ರೇಟಿಂಗೂ ಹಂಗ, ಎಂಜಿ ಝಡ್‌ಎಸ್ ಇವಿಗೆ 2019ರಾಗ ಯುರೋ ಎನ್‌ಕ್ಯಾಪ್ ಐದು ಸ್ಟಾರ್ ಕೊಟ್ಟೈತಿ, ಆದ್ರ ಅದು ಯುರೋಪಿನ್ಯಾಗ ಮಾರೂ ಗಾಡಿಗೆ ಕೊಟ್ಟದ್ದು, ಇಲ್ಲಿ ನಿಮ್ಮ ಕೈಗೆ ಬರೂ ಗಾಡ್ಯಾಗ ಅದ ಸಾಮಾನು ಐತೋ ಇಲ್ಲೋ ಒಂದೊಂದ ತಾಳಿ ನೋಡಬೇಕು.

ಎಲೆಕ್ಟ್ರಿಕ್ ಅಂದ್ರ ಹೊಸಾದು, ಹೊಸಾದಂದ್ರ ಸೇಫ್ ಅನ್ನೋರಿಗೆ ಒಂದು ಉದಾಹರಣೆ ಹೇಳ್ತೀನಿ. 2024ರ ಮಾರ್ಚ್‌ನ್ಯಾಗ ಗ್ಲೋಬಲ್ ಎನ್‌ಕ್ಯಾಪ್ ಇಲ್ಲಿ ತಯಾರಾದ ಸಿಟ್ರೊಯೆನ್ ಇಸಿ3 ಟೆಸ್ಟ್ ಮಾಡಿದಾಗ ದೊಡ್ಡವರದು ಸೊನ್ನೆ ಸ್ಟಾರ್, ಮಕ್ಕಳದು ಒಂದು ಸ್ಟಾರ್ ಬಂತು. ಆಗ ಟೆಸ್ಟಿಗೆ ಹೋದ ಗಾಡ್ಯಾಗ ಎರಡ ಏರ್‌ಬ್ಯಾಗ್ ಇದ್ದುವು. ಅದೂ ಎಲೆಕ್ಟ್ರಿಕ್, ಅದೂ ಸಣ್ಣ ಎಸ್‌ಯುವಿ ಸೈಜ್‌ನ ಗಾಡಿ.

ಇನ್ನೊಂದು ತಿಳುವಳಿಕಿ ಇರಲಿ. 64ರ ಟೆಸ್ಟಿನ್ಯಾಗ ಬ್ಯಾರಿಯರ್ ನಿಂತ ಜಾಗಾದಾಗ ನಿಂತಿರ್ತೈತಿ, ಗಾಡಿ ತನ್ನ ಭಾರದಿಂದ ತಾನ ಹೋಗಿ ಬಡೀತೈತಿ. ಅಂದ್ರ ಸುಮಾರಾಗಿ ತನ್ನಷ್ಟ ತೂಕದ ಗಾಡಿಗೆ ಎದುರಾಎದುರು ಬಡದಂಗ. ಹೈವೇನ್ಯಾಗ ಎದುರು ಬರೂದು ಲಾರಿ, ಟಿಪ್ಪರ್. ಐದು ಸ್ಟಾರ್ ಐತಿ ಅಂತ ನಿಪ್ಪಾಣಿ ಹೈವೇನ್ಯಾಗ 120 ಹೊಡದ್ರ ಆ ಸ್ಟಾರ್ ಆ ಸ್ಪೀಡಿಗೆ ಕೊಟ್ಟದ್ದಲ್ಲ.

ಮಕ್ಕಳ ಲೆಕ್ಕ, ಇದನ್ನ ಯಾರೂ ಓದಂಗಿಲ್ಲ

ರಿಪೋರ್ಟಿನ್ಯಾಗ ಎಲ್ಲಾರೂ ದಾಟಿಸಿ ಹೋಗೂ ಪುಟ ಇದು, ನಾನು ಎಲ್ಲಾದ್ಕಿಂತ ಹೆಚ್ಚು ಹೊತ್ತು ಕುಂತದ್ದೂ ಇದರ ಮ್ಯಾಲ. 49 ಮಾರ್ಕ್ಸಿನ್ಯಾಗ 24 ಟೆಸ್ಟಿನ್ಯಾಗ ಕೂಸಿನ ಡಮ್ಮಿಗೆ, ಅಂದ್ರ ಬೊಂಬಿಗೆ, ಏನಾತು ಅನ್ನೂದಕ್ಕ, 12 ಕೂಸಿನ ಸೀಟು ಗಾಡ್ಯಾಗ ಸರಿಯಾಗಿ ಕೂಡ್ತೈತೋ ಇಲ್ಲೋ ಅನ್ನೂದಕ್ಕ, 13 ಗಾಡ್ಯಾಗ ಕೂಸಿಗೆ ಬೇಕಾದ ಸೌಕರ್ಯ ಅದಾವೋ ಇಲ್ಲೋ ಅನ್ನೂದಕ್ಕ. ಡಮ್ಮಿ ಎರಡು, ಒಂದು ಹದಿನೆಂಟು ತಿಂಗಳ ಕೂಸಿನದು, ಇನ್ನೊಂದು ಮೂರು ವರ್ಷದ್ದು. ಈಗ ತಿಳಕೋರಿ, ಈ ಮಾರ್ಕ್ಸ್ ಬಂದದ್ದು ಆ ಡಮ್ಮಿಗೋಳನ್ನ ಮಕ್ಕಳ ಸೀಟಿನ್ಯಾಗ ಕಟ್ಟಿ ಕುಂದ್ರಿಸಿದಾಗ. ಅವ್ವನ ತೊಡಿ ಮ್ಯಾಲ ಕುಂದ್ರಿಸಿ ಯಾರೂ ಟೆಸ್ಟ್ ಮಾಡಂಗಿಲ್ಲ. ಅಂದ್ರ ನೀವು ಕೂಸಿನ ಸೀಟು ತಗೋಳಿಲ್ಲ ಅಂದ್ರ ಆ 45 ಮಾರ್ಕ್ಸ್ ನಿಮ್ಮ ಕೂಸಿಗೆ ಸಂಬಂಧನ ಇಲ್ಲ.

ಅಕ್ಕ ನನ್ನ ಕೇಳಿದ್ಲು, "ನಾ ಗಟ್ಟಿ ಹಿಡಕೊಂಡಿದ್ದೆ ತಮ್ಮಾ, ಹೆಂಗ ಕೈ ಜಾರಿ ಹೋತು?" ಅಂತ. ಆಕಿಗೆ ಲೆಕ್ಕ ಮಾಡಿ ತೋರಿಸಿದೆ. 50ರ ಸ್ಪೀಡ್‌ನ್ಯಾಗ ಹೋಗೂ ಗಾಡಿ ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನ್ಯಾಗ ನಿಂತು ಬಿಟ್ರ 12 ಕೆಜಿ ಕೂಸು ಒಂದೂವರೆ ಕ್ವಿಂಟಲ್‌ಗಿಂತ ಹೆಚ್ಚಿನ ಭಾರ ಇದ್ದಂಗ ಮುಂದಕ್ಕ ಎಳೀತೈತಿ. ಜ್ವಾಳದ ಒಂದು ಚೀಲ ಕ್ವಿಂಟಲ್ ಅಂತ ಹಿಡದ್ರ ಒಂದೂವರೆ ಚೀಲ ಕೈಯಾಗ ಹಿಡಕೋ ಅಂದಂಗ. ಪೈಲ್ವಾನ ಆದ್ರೂ ಆಗಂಗಿಲ್ಲ, ಅದರಾಗ ಆಕಿ ತಪ್ಪು ಒಂದೂ ಇಲ್ಲ. ಅದನ್ನ ಕೇಳಿದ ಮ್ಯಾಲ ಅಕ್ಕ ಅವತ್ತಿಂದ ಮಕ್ಕಳ ಸೀಟು ಇಲ್ಲದ ಗಾಡಿ ಬ್ಯಾಡ ಅಂತ ಹಟ ಹಿಡದ್ಲು.

ಶೋರೂಮ್‌ನ್ಯಾಗ ಮಾಡೂದು ಇಷ್ಟ. ಹಿಂದಿನ ಸೀಟಿನ ಬೆನ್ನು ಮತ್ತ ಕೂಡೂ ಭಾಗ ಸೇರೂ ಸಂದ್ಯಾಗ ಬಟ್ಟು ಹಾಕಿ ನೋಡ್ರಿ, ಕೂಸಿನ ಸೀಟು ಸಿಗಿಸೂ ಐಸೋಫಿಕ್ಸ್ ಕಬ್ಬಿಣದ ಕೊಂಡಿ ಕೈಗೆ ಸಿಗಬೇಕು, ಎರಡೂ ಬಾಜೂಕ. ಸೀಟಿನ ಹಿಂದ ಮ್ಯಾಲಿನ ಪಟ್ಟಿ ಕಟ್ಟಾಕ ಇನ್ನೊಂದು ಕೊಂಡಿ ಇರಬೇಕು. ಮುಂದಿನ ಸೀಟಿನ್ಯಾಗ ಹಿಂದ ಮಾರಿ ಮಾಡಿ ಕೂಡಿಸೂ ಕೂಸಿನ ಸೀಟು ಹಾಕೂದಿದ್ರ ಆ ಕಡಿ ಏರ್‌ಬ್ಯಾಗ್ ಆಫ್ ಮಾಡೂ ಸ್ವಿಚ್ ಬೇಕ ಬೇಕು, ಇಲ್ಲಾಂದ್ರ ಏರ್‌ಬ್ಯಾಗ್ ಬಿಚ್ಚಿದಾಗ ಕೂಸಿನ ತಲಿಗ ಬಡೀತೈತಿ, ಹಂಗಾಗಿ ಕೂಸಿನ ಸೀಟು ಹಿಂದನ ಹಾಕೂದು ಚಲೋ. ಆಗೋದಾದ್ರ ಕೂಸಿನ ಸೀಟು ಮೊದಲ ತಗೊಂಡು ಶೋರೂಮಿಗೆ ಒಯ್ದು ಡೆಮೋ ಗಾಡ್ಯಾಗ ಕೂಡಿಸಿ ನೋಡ್ರಿ, ನಾವು ಹಂಗ ಮಾಡಿದ್ವಿ, ಒಂದು ಗಾಡ್ಯಾಗ ಸೀಟು ಕೂಡಿಸಿದ್ರ ಬಾಜೂ ಬೆಲ್ಟಿನ ಬಕಲ್ ಮುಚ್ಚಿ ಹೋತು, ಅಂದ್ರ ಅಕ್ಕ ಬಾಜೂ ಕುಂತ್ರ ಬೆಲ್ಟ್ ಹಾಕಾಕ ಬರಂಗಿಲ್ಲ. ಕಾಗದದ ಮ್ಯಾಲ ಇದು ಯಾರಿಗೂ ಕಾಣೂದಿಲ್ಲ.

ಬೆಲ್ಟ್ ಮಾತು ಬಂತಂದ್ರ, ನಡಕಿನ ಸೀಟಿಗೂ ಮೂರು ಪಾಯಿಂಟಿನ ಬೆಲ್ಟ್ ಐತೋ, ಹೆಡ್‌ರೆಸ್ಟ್ ಐತೋ, ಹಿಂದ ಕುಂತವರು ಬೆಲ್ಟ್ ಹಾಕಿಲ್ಲ ಅಂದ್ರ ಗಾಡಿ ಕೂಗ್ತೈತೋ ನೋಡ್ರಿ. ಹಿಂದಿನವರೂ ಬೆಲ್ಟ್ ಹಾಕಬೇಕು ಅನ್ನೂದು ಕಾನೂನು, ನಮ್ಮ ಕಡಿ ಅದನ್ನ ಮುಂದಿನವರದು ಮಾತ್ರ ಅಂತ ತಿಳಕೊಂಡಾರ. 2022ರ ಸೆಪ್ಟೆಂಬರ್ 4ಕ್ಕ ಮಹಾರಾಷ್ಟ್ರದ ಪಾಲ್ಘರ್ ಹತ್ರ ಟಾಟಾ ಸನ್ಸ್ ಮಾಜಿ ಚೇರ್ಮನ್ ಸೈರಸ್ ಮಿಸ್ತ್ರಿ ಅವರು ಅಪಘಾತದಾಗ ತೀರಿ ಹೋದದ್ದು ಭಾಳ ತುಟ್ಟಿ, ಭಾಳ ಗಟ್ಟಿ ಗಾಡ್ಯಾಗ, ಹಿಂದ ಬೆಲ್ಟ್ ಹಾಕದ ಕುಂತಿದ್ರು.

ಸಾಮಾನು ಪಟ್ಟಿ, ಬೇಸ್ ವೇರಿಯಂಟ್ ಹಿಡದು ನೋಡ್ರಿ

ಬ್ರೋಶರ್‌ನ್ಯಾಗ ಕಡೀ ಪುಟದಾಗ ವೇರಿಯಂಟ್ ಪಟ್ಟಿ ಇರ್ತೈತಿ, ಸಣ್ಣ ಅಕ್ಷರ. ನಿಮ್ಮ ವೇರಿಯಂಟಿನ ಸಾಲು ಪೆನ್ನಿನಿಂದ ಗೀಚಿಕೋರಿ. ಆರು ಏರ್‌ಬ್ಯಾಗ್, ಇಎಸ್‌ಸಿ, ಐಸೋಫಿಕ್ಸ್, ಎಲ್ಲಾ ಸೀಟಿಗೂ ಬೆಲ್ಟ್ ರಿಮೈಂಡರ್, ಟೈರ್ ಪ್ರೆಶರ್ ತೋರಸೂದು, ಹಿಂದಿನ ಗ್ಲಾಸಿಗೆ ಡಿಫಾಗರ್ ಮತ್ತ ವೈಪರ್, ಇಷ್ಟಕ್ಕ ಟಿಕ್ ಬಿದ್ರ ಸನ್‌ರೂಫ್ ಇಲ್ಲದಿದ್ರೂ ನಡೀತೈತಿ. ಸನ್‌ರೂಫ್ ಬಿಟ್ಟು ಉಳಿಸಿದ ರೊಕ್ಕದಾಗ ಚಲೋ ಕೂಸಿನ ಸೀಟು ಬರ್ತೈತಿ.

ಅಡಾಸ್, ಅಂದ್ರ ಕ್ಯಾಮೆರಾದಿಂದ ಮುಂದಿಂದು ನೋಡಿ ಎಚ್ಚರಿಸೂ, ತಾನ ಬ್ರೇಕ್ ಹಿಡಿಯೂ ವ್ಯವಸ್ಥೆ, ಅದರ ಬಗ್ಗೆ ಭಾಳ ಮಂದಿ ಕೇಳ್ತಾರ. ಇದ್ರ ಚಲೋನ, ಆದ್ರ ಅದನ್ನ ನಂಬಿ ಕಬ್ಬಿನ ಟ್ರೇಲರ್ ಹಿಂದ ರಾತ್ರಿ ಹೋಗಬ್ಯಾಡ್ರಿ. ಲೈಟಿಲ್ಲದ, ಗಾಡಿ ಆಕಾರನ ಇಲ್ಲದ, ಕಬ್ಬಿನ ಸೊಪ್ಪಿ ಜೋತಾಡೂ ವಸ್ತು ಕ್ಯಾಮೆರಾಕ್ಕ ಗುರುತು ಸಿಗತೈತಿ ಅಂತ ನಾನಂತೂ ಭರವಸೆ ಇಡಂಗಿಲ್ಲ. ನಮ್ಮ ಕಡಿ ಜೀವ ಉಳಿಸೂದು ಹೆಡ್‌ಲೈಟ್. ಅದಕ್ಕ ಟೆಸ್ಟ್ ಡ್ರೈವ್ ಹಗಲಿನ್ಯಾಗ ಮುಗಿಸಬ್ಯಾಡ್ರಿ, ಹಟ ಮಾಡಿ ಏಳು ಗಂಟೆ ಮ್ಯಾಲ ಇನ್ನೊಂದು ಸುತ್ತು ಕೇಳ್ರಿ, ಊರ ಹೊರಗ ಕತ್ತಲ ರೋಡಿನ್ಯಾಗ ಲೋಬೀಮ್ ಎಷ್ಟು ದೂರ ಹೋಗ್ತೈತಿ, ಎಡಗಡೆ ರೋಡ್ ಅಂಚು ಕಾಣ್ತೈತೋ ಇಲ್ಲೋ ನೋಡ್ರಿ.

ಟೆಸ್ಟ್ ಡ್ರೈವ್‌ನ್ಯಾಗ ಎಲೆಕ್ಟ್ರಿಕ್ ಗಾಡಿಗ ಅಂತನ ಎರಡು ಪರೀಕ್ಷೆ ಮಾಡ್ರಿ. ಮೊದಲನೇದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ರೀಜನ್ (ಗಾಡಿ ನಿಧಾನ ಮಾಡಿ ಆ ಓಟದಿಂದ ಬ್ಯಾಟರಿಗೆ ಕರೆಂಟ್ ವಾಪಸ್ ತುಂಬೂದು) ಹಿಡದು ಗಾಡಿ ಜಗ್ಗಿದಂಗ ಆಗ್ತೈತಿ, ಆಗ ಹಿಂದ ಬ್ರೇಕ್ ಲೈಟ್ ಹತ್ತತೈತೋ ಇಲ್ಲೋ. ನಿಮ್ಮವರೊಬ್ಬರನ್ನ ಹಿಂದ ಬೈಕ್ ಮ್ಯಾಲ ಬರಾಕ ಹೇಳಿ ನೋಡ್ರಿ, ಗಟ್ಟಿ ರೀಜನ್ ಇಟ್ಟಾಗ ಲೈಟ್ ಹತ್ತಲಿಲ್ಲ ಅಂದ್ರ ಹಿಂದಿನವರು ಬಂದು ಹೊಡೀತಾರ. ಎರಡನೇದು, ಬ್ಯಾಟರಿ ಪೂರ್ತಿ 100 ಚಾರ್ಜ್ ಇದ್ದಾಗ ರೀಜನ್ ಕಡಿಮಿ ಆಗ್ತೈತಿ, ಯಾಕಂದ್ರ ವಾಪಸ್ ಬಂದ ಕರೆಂಟ್ ಇಡಾಕ ಜಾಗ ಇರಂಗಿಲ್ಲ. ಬೆಳಗಾವ್ಯಾಗ ಫುಲ್ ಚಾರ್ಜ್ ಮಾಡಿಸಿ ಗೋವಾಕ್ಕ ಅಂತ ಚೋರ್ಲಾ ಘಾಟ್ ಇಳಿಯೋರು ಇದನ್ನ ತಿಳಕೊಂಡಿರಬೇಕು, ದಿನಾ ಸಿಗೂ ಜಗ್ಗಾಟ ಇರಂಗಿಲ್ಲ, ಕಾಲಿನ ಬ್ರೇಕ್ ಮ್ಯಾಲ ಹೋಗಬೇಕಾಗ್ತೈತಿ, ಘಾಟಿಗೆ ಹೋಗೂ ದಿನ 90ಕ್ಕ ಚಾರ್ಜ್ ನಿಲ್ಲಿಸೂದು ಚಲೋ.

ಬಾಗಿಲದ ಹಿಡಿಕಿ ನೋಡ್ರಿ. ಈಗ ಹೊಸಾ ಗಾಡ್ಯಾಗ ಬಾಡಿ ಒಳಗ ಹುದುಗಿದ ಹಿಡಿಕಿ ಬರಾಕತ್ತಾವ. ಕರೆಂಟ್ ಹೋದ್ರ ಹೊರಗಿಂದ ಬಾಗಿಲ ಹೆಂಗ ತಗೀಬೇಕು, ಒಳಗಿಂದ ಹೆಂಗ ತಗೀಬೇಕು ಅಂತ ಸೇಲ್ಸ್‌ನವರಿಗೆ ಮಾತಿನ್ಯಾಗ ಹೇಳಿಸಬ್ಯಾಡ್ರಿ, ಮಾಡಿ ತೋರಿಸಾಕ ಹೇಳ್ರಿ. ಮನ್ಯಾಗ ವಯಸ್ಸಾದೋರು ಇದ್ರ ಅವರ ಕೈಲೆ ತಗಸ್ರಿ.

ಬ್ಯಾಟರಿ, ಬೆಂಕಿ, ರೀಕಾಲ್

ನಮ್ಮ ಅಪ್ಪಾಜಿಗೆ ಇದ್ದ ಅಂಜಿಕಿ ಇದೊಂದ, "ಬೆಂಕಿ ಹತ್ತತೈತಂತಲ್ಲೋ". ಅಂಜಿಕಿ ತಳ್ಳಿ ಹಾಕೂವಂಥದ್ದಲ್ಲ, ಹುಡುಕಿ ನೋಡೂವಂಥದ್ದು. 2022ರ ಜೂನ್‌ನ್ಯಾಗ ಮುಂಬೈ ಹತ್ರ ವಸಯಿನ್ಯಾಗ ಒಂದು ನೆಕ್ಸಾನ್ ಇವಿ ಬೆಂಕಿ ಹತ್ತಿ ಸುಟ್ಟಿತ್ತು, ಸರಕಾರ ಅದರ ತನಿಖೆಗೆ ನಮ್ಮ ಬೆಂಗಳೂರಿನ ಐಐಎಸ್‌ಸಿನೂ ಸೇರಿಸಿ ಮೂರು ಸಂಸ್ಥೆಗೆ ಹೇಳಿತ್ತು. ಆಮ್ಯಾಲ 2022ರ ಡಿಸೆಂಬರ್‌ನಿಂದ ಒಂದು ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತ ಅಂತ ಕಾರಿನ ಬ್ಯಾಟರಿ ನಿಯಮ ಬಿಗಿ ಆದುವು, ಆ ನಿಯಮದ ಹೆಸರು ಎಐಎಸ್-038 ರಿವಿಷನ್ 2. ನೀವು ಸೆಕೆಂಡ್ ಹ್ಯಾಂಡ್ ನೋಡಾಕತ್ತಿದ್ರ ಈ ತಾರೀಖು ಉಪಯೋಗಕ್ಕ ಬರ್ತೈತಿ, ಗಾಡಿ ತಯಾರಾದ ತಿಂಗಳು ಅದಕ್ಕಿಂತ ಮುಂಚಿಂದೋ ಆಮ್ಯಾಲಿಂದೋ ನೋಡ್ರಿ.

ಬ್ಯಾಟರಿ ಯಾವ ನಮೂನಿ ಅಂತ ಕೇಳ್ರಿ, ಎಲ್‌ಎಫ್‌ಪಿನೋ ಎನ್‌ಎಂಸಿನೋ. ಎರಡೂ ಲಿಥಿಯಂ ಬ್ಯಾಟರಿನ, ಒಳಗಿನ ರಸಾಯನ ಬ್ಯಾರೆ. ಎಲ್‌ಎಫ್‌ಪಿ ಜಾಗಾ ಮತ್ತ ತೂಕ ಹೆಚ್ಚು ತಗೋತೈತಿ, ಆದ್ರ ಕಾವು ಹೆಚ್ಚು ತಡಕೋತೈತಿ, ಹದ ತಪ್ಪಿ ತಾನ ತಾನ ಕಾಯೂದು ಹೆಚ್ಚಿನ ಉಷ್ಣಾಂಶಕ್ಕ ಶುರು ಆಗೂದು. ಏಪ್ರಿಲ್, ಮೇ ತಿಂಗಳದಾಗ 40 ದಾಟೂ ವಿಜಯಪುರದಾಗ ಬಿಸಲಿಗೆ ಗಾಡಿ ನಿಲ್ಲಸೋರು ನಾವು, ನನ್ನ ಓಟು ಎಲ್‌ಎಫ್‌ಪಿಗೆ, ಅದೂ ನೀರಿನಿಂದ ತಣ್ಣಗ ಮಾಡೂ ವ್ಯವಸ್ಥೆ ಇದ್ದದ್ದಕ್ಕ. ಎನ್‌ಎಂಸಿ ಅಂದ್ರ ಅಪಾಯ ಅಂತ ತಿಳಕೋಬ್ಯಾಡ್ರಿ, ಎಕ್ಸ್‌ಯುವಿ400ದಾಗ ಇರೂದು ಅದ.

ನೀರಿನ ವಿಷಯ. ಐಪಿ67 ಅಂತ ಬರದಿದ್ರ ಒಂದು ಮೀಟರ್ ನೀರಿನ್ಯಾಗ ಅರ್ಧ ತಾಸು ಬ್ಯಾಟರಿ ಪ್ಯಾಕ್ ಇಟ್ರೂ ಒಳಗ ನೀರು ಹೋಗಬಾರದು ಅಂತ ಅರ್ಥ. ಅದು ಪ್ಯಾಕಿನ ಮಾತು, ಇಡೀ ಗಾಡಿ ಮಾತಲ್ಲ, ಅದೂ ನಿಂತ ನೀರಿನ ಲೆಕ್ಕ. 2019ರ ಆಗಸ್ಟ್ ಮಹಾಪೂರದಾಗ ಗೋಕಾಕ, ಮುಧೋಳ ಕಡಿ ಘಟಪ್ರಭಾ ಹೆಂಗ ಬಂದಿದ್ದಳಂತ ನೋಡಿದವರು ನಾವು, ಸೇತುವೆ ಮ್ಯಾಲ ನೀರು ಹರಿಯಾಕತ್ತಿದ್ರ ಐಪಿ67 ಅಂತ ಇಳೀಬ್ಯಾಡ್ರಿ. ಗಾಡಿ ಒಂದು ಸಲ ಮುಳುಗಿದ್ದಿದ್ರ ಪರೀಕ್ಷೆ ಆಗೂ ತನಕ ಸ್ಟಾರ್ಟ್ ಮಾಡಬ್ಯಾಡ್ರಿ, ಚಾರ್ಜ್‌ಗೆ ಹಾಕಬ್ಯಾಡ್ರಿ.

ಗಾಡಿ ಕೆಳಗ ಬಗ್ಗಿ ನೋಡ್ರಿ. ಬ್ಯಾಟರಿ ನೆಲದಾಗ ಇರ್ತೈತಿ, ನಮ್ಮ ಹಳ್ಳಿ ಹಂಪ್ ಯಾರು ಯಾವ ಅಳತಿಗೆ ಹಾಕಿರ್ತಾರೋ ಗೊತ್ತಿಲ್ಲ. ಬ್ರೋಶರಿನ ಗ್ರೌಂಡ್ ಕ್ಲಿಯರೆನ್ಸ್ ಖಾಲಿ ಗಾಡಿದೋ ಮಂದಿ ಕುಂತದ್ದೋ ಕೇಳ್ರಿ, ಐದು ಮಂದಿನ್ನ ಕುಂದ್ರಿಸಿ ಹಂಪ್ ಹಾಯಿಸಿ ನೋಡ್ರಿ. ಪ್ಯಾಕಿನ ಕೆಳಗ ಗಟ್ಟಿ ತಗಡು ಐತೋ ಇಲ್ಲೋ ನೋಡ್ರಿ. ಮುಂದ ಎಂದಾದ್ರೂ ಕಲ್ಲಿಗೆ ಜೋರ ಬಡೀತು ಅಂದ್ರ ಹಂಗ ಮನಿಗೆ ತಂದು ಚಾರ್ಜ್‌ಗೆ ಹಾಕಿ ಮಲಗಬ್ಯಾಡ್ರಿ, ಬಯಲಾಗ ನಿಲ್ಲಿಸಿ ಸರ್ವಿಸ್‌ನವರನ್ನ ಕರೀರಿ, ಬ್ಯಾಟರಿಗೆ ಬಿದ್ದ ಪೆಟ್ಟು ತಾಸುಗಟ್ಟಲೆ ಬಿಟ್ಟೂ ಬೆಂಕಿ ಆಗಬಹುದು.

ಈಗ ರೀಕಾಲ್, ಅಂದ್ರ ದೋಷ ಕಂಡ ಗಾಡಿನ ಕಂಪನಿ ವಾಪಸ್ ಕರದು ಸರಿ ಮಾಡಿಕೊಡೂದು. ರೀಕಾಲ್ ಆದ ಗಾಡಿ ಅಂದ್ರ ಕೆಟ್ಟ ಗಾಡಿ ಅಂತ ಮಂದಿ ದೂರ ಸರೀತಾರ, ನಾನು ನೋಡೂದು ಬ್ಯಾರೆ. ಕಂಪನಿ ತಪ್ಪು ಒಪ್ಪಿಕೊಂಡು ಎಷ್ಟು ಬೇಗ ಏನು ಮಾಡ್ತು ಅನ್ನೂದು ನೋಡ್ರಿ. ಅಮೆರಿಕಾದಾಗ ಶೆವರ್ಲೆ ಬೋಲ್ಟ್‌ನ್ಯಾಗ ಬ್ಯಾಟರಿ ಸೆಲ್ ತಯಾರಿಕೆ ದೋಷದಿಂದ ಬೆಂಕಿ ಬಂದು 2021ರಾಗ ಸುಮಾರು 1.42 ಲಕ್ಷ ಗಾಡಿ ವಾಪಸ್ ಕರದ್ರು, ಅಲ್ಲಿತನಕ ಪೂರ್ತಿ ಚಾರ್ಜ್ ಮಾಡಬ್ಯಾಡ್ರಿ, ಮನಿಂದ ದೂರ ನಿಲ್ಲಿಸ್ರಿ ಅಂತ ಹೇಳಿದ್ರು. ನಮ್ಮ ದೇಶದಾಗ ಹ್ಯುಂಡೈ ಕೋನಾ ಎಲೆಕ್ಟ್ರಿಕ್ 456 ಗಾಡಿ 2020ರ ಡಿಸೆಂಬರ್‌ನ್ಯಾಗ ಹೈ ವೋಲ್ಟೇಜ್ ಬ್ಯಾಟರಿ ತಪಾಸಣೆಗೆ ಅಂತ ಕರದಿದ್ರು, 2019ರ ಏಪ್ರಿಲ್‌ನಿಂದ 2020ರ ಅಕ್ಟೋಬರ್ ತನಕ ತಯಾರಾದವು. ಅದಕ್ಕ ಸೆಕೆಂಡ್ ಹ್ಯಾಂಡ್ ತಗೋಳೋರು 17 ಅಕ್ಷರದ ಚಾಸಿ ನಂಬರ್ ತಗೊಂಡು ಕಂಪನಿ ವೆಬ್‌ಸೈಟ್‌ನ್ಯಾಗ ಹಾಕ್ರಿ, ಗಾಡಿ ಕಂಪನಿಗೋಳ ಸಂಘ ಸಿಯಾಮ್ ವೆಬ್‌ಸೈಟಿನ್ಯಾಗ ಸ್ವಯಂ ರೀಕಾಲ್ ಪಟ್ಟಿ ಇರ್ತೈತಿ ಅದನ್ನೂ ನೋಡ್ರಿ, ರೀಕಾಲ್ ಕೆಲಸ ಆಗೈತಿ ಅನ್ನೂ ಸರ್ವಿಸ್ ಪ್ರಿಂಟ್ ಕೈಗೆ ಬಂದಮ್ಯಾಲನ ರೊಕ್ಕದ ಮಾತು. ಅದರ ಸಂಗಟ ಬ್ಯಾಟರಿ ಆರೋಗ್ಯದ ರಿಪೋರ್ಟೂ ಸರ್ವಿಸ್ ಸೆಂಟರ್‌ನಿಂದನ ತಗಸ್ರಿ.

ವಾಟ್ಸ್ಯಾಪ್‌ನ್ಯಾಗ ಬರೂ ಬೆಂಕಿ ವಿಡಿಯೋ ನೋಡಿ ಗಾಡಿ ಬಿಡಬ್ಯಾಡ್ರಿ, ನೋಡಿ ನಕ್ಕು ಮುಂದಕ್ಕೂ ಹೋಗಬ್ಯಾಡ್ರಿ. ಯಾವ ಊರು, ಯಾವ ತಾರೀಖು, ಯಾವ ಗಾಡಿ, ಆಮ್ಯಾಲ ಕಾರಣ ಏನಂತ ತಿಳೀತು, ಇದನ್ನ ಹುಡಕ್ರಿ. ಬೆಂಕಿ ಹತ್ತಿದ್ದು ಬ್ಯಾಟರಿಗೋ, ಮನಿ ಸಾಕೆಟ್ಟಿಗೋ, ಹೊರಗ ಅಂಗಡ್ಯಾಗ ವಾಯರ್ ಕೊಯ್ದು ಹಾಕಿಸಿದ ಲೈಟಿಗೋ, ಮೂರೂ ಬ್ಯಾರೆ ಬ್ಯಾರೆ. ಹೊರಗಿನ ಲೈಟ್, ಹಾರ್ನ್, ಮ್ಯೂಸಿಕ್ ಸಿಸ್ಟಮ್ ವಾಯರ್ ಕೊಯ್ದು ಹಾಕಿಸಲೇಬ್ಯಾಡ್ರಿ.

ಮನ್ಯಾಗಿನ ಚಾರ್ಜಿಂಗ್

ಚಾರ್ಜರ್ ಗ್ವಾಡಿಗೆ ಹೊಡಿಸೂ ಮುಂಚೆ ಹೆಸ್ಕಾಂನವರ ಕಡೆ ಮನಿ ಮಂಜೂರಿ ಲೋಡ್ ಎಷ್ಟೈತಿ ಕೇಳ್ರಿ, 7 ಕಿಲೋವ್ಯಾಟ್ ಚಾರ್ಜರ್ ಹಳೇ ಎರಡು ಮೂರು ಕಿಲೋವ್ಯಾಟ್ ಲೋಡಿನ ಮ್ಯಾಲ ಕುಂದ್ರಂಗಿಲ್ಲ. ಅರ್ಥಿಂಗ್ ಗುಂಡಿ ಬ್ಯಾಸಗ್ಯಾಗ ಒಣಗಿ ಹೋಗಿರ್ತೈತಿ, ನೀರು ಹಾಕಿ ಅಳತಿ ಮಾಡಿಸ್ರಿ. ಚಾರ್ಜರ್‌ಗೆ ಬ್ಯಾರೆ ಲೈನ್, ಬ್ಯಾರೆ ಎಂಸಿಬಿ, ಅದಕ್ಕ ಒಂದು 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಲೈನ್ ಬಂದ್ ಮಾಡೂ ಸ್ವಿಚ್). ಎಕ್ಸ್‌ಟೆನ್ಶನ್ ಬೋರ್ಡ್ ಎಳದು ಚಾರ್ಜ್ ಮಾಡೂದು ಬ್ಯಾಡ. ಇದಕ್ಕ ಹತ್ತು ಹದಿನೈದು ಸಾವಿರ ಹೋಗ್ತೈತಿ ಅಂತ ಕೈ ಹಿಡೀಬ್ಯಾಡ್ರಿ.

ಸರ್ವಿಸ್ ಬಗ್ಗೆ ಒಂದ ಪ್ರಶ್ನೆ ಸಾಕು: ಬ್ಯಾಟರಿ ಪ್ಯಾಕ್ ಬಿಚ್ಚಾಕ ಟ್ರೇನಿಂಗ್ ಆದವರು ನಮಗ ಹತ್ರದ ಯಾವ ಊರಾಗ ಅದಾರ? ಉತ್ತರ ಬಾಗಲಕೋಟಿ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿ ಯಾವುದಾದ್ರೂ ನಡೀತೈತಿ, "ಕಂಪನಿಯಿಂದ ಬರ್ತಾರ ಸರ್" ಅಂದ್ರ ಎಷ್ಟು ದಿನಕ್ಕ ಬರ್ತಾರ ಅಂತ ಬರಸಿ ತಗೋರಿ.

ಬುಕಿಂಗ್ ದಿನ, ಡೆಲಿವರಿ ದಿನ

ಮಾಮಾ ಕಡೀಕ ಒಂದು ಗಾಡಿ ಗಟ್ಟಿ ಮಾಡಿದ್ರು, ಹೆಸರು ಹೇಳಂಗಿಲ್ಲ, ಯಾಕಂದ್ರ ನಿಮ್ಮ ಮನಿ, ನಿಮ್ಮ ರೋಡ್ ಬ್ಯಾರೆ. ಬುಕಿಂಗ್ ಫಾರ್ಮಿನ ಮ್ಯಾಲ ವೇರಿಯಂಟಿನ ಪೂರಾ ಹೆಸರು, ಏರ್‌ಬ್ಯಾಗ್ ಎಷ್ಟು, ತಯಾರಾದ ತಿಂಗಳು ಇಂಥಾದ್ದಕ್ಕಿಂತ ಹಳೇದು ಆಗಬಾರದು ಅಂತ ಬರಸಿ ಸಹಿ ಹಾಕಿಸಿಕೊಂಡ್ವಿ. ಮ್ಯಾನೇಜರ್ ಮೊದಲ ಒಲ್ಲೆ ಅಂದ್ರು, ಮಾಮಾ ಪ್ಯಾಂಟ್ ಮ್ಯಾಲ ಮಾಡಿ ಮೊಣಕಾಲು ತೋರಿಸಿದ್ರು, ಆಮ್ಯಾಲ ಅವರ ಪೆನ್ನು ತಗದ್ರು.

ಡೆಲಿವರಿ ಹಗಲಿನ್ಯಾಗ ತಗೋರಿ, ಪೂಜಿ, ರಿಬ್ಬನ್ ಆಮ್ಯಾಲ. ಮೊದಲ ಚಾಸಿ ನಂಬರ್ ಕಾಗದಕ್ಕ ತಾಳಿ ನೋಡ್ರಿ, ಟೈರ್ ತಯಾರಾದ ವಾರ ನೋಡ್ರಿ, ಇಗ್ನಿಶನ್ ಹಾಕಿ ಏರ್‌ಬ್ಯಾಗ್ ಲೈಟ್ ಹತ್ತಿ ಆರತೈತೋ ನೋಡ್ರಿ, ಗಾಡಿ ಎತ್ತಿಸಿ ಬ್ಯಾಟರಿ ಕೆಳಗಿನ ತಗಡಿಗೆ ಗೀರು ಇಲ್ಲ ಅಂತ ಫೋಟೋ ತಗೋರಿ, ಪ್ರತಿ ಸೀಟಿನ ಬೆಲ್ಟ್ ಎಳದು ಒಮ್ಮೆಲೆ ಜಗ್ಗಿ ಲಾಕ್ ಆಗ್ತೈತೋ ನೋಡ್ರಿ. ನಾವು ಇದಕ್ಕ ಒಂದು ತಾಸು ತಗೊಂಡ್ವಿ, ಶೋರೂಮಿನ ಹುಡುಗನ ಕಡೀಕ ಟಾರ್ಚ್ ತಂದುಕೊಟ್ಟ.

ಕೂಸಿನ ಸೀಟು ಅಲ್ಲೇ ಐಸೋಫಿಕ್ಸ್‌ಗೆ ಹಾಕಿದ್ವಿ, ಟಕ್ ಅಂತ ಎರಡು ಸಲ ಸಪ್ಪಳಾತು, ಎರಡೂ ಕಡಿ ಹಸರು ಗುರುತು ಬಂತು. ಸೊಸಿ ಬೆಳಗಾವಿಂದ ಯರಗಟ್ಟಿ ತನಕ ಅಕ್ಕನ ತೊಡಿಗೆ ಬರ್ತೀನಿ ಅಂತ ಅತ್ಲು, ಅಕ್ಕ ಬಾಜೂ ಕುಂತು ಕೈ ಹಿಡಕೊಂಡ್ಲು, ಬೆಲ್ಟ್ ಬಿಚ್ಚಲಿಲ್ಲ. ಲೋಕಾಪುರ ಬರೂದರಾಗ ಮಲಗಿಬಿಟ್ಟಿದ್ಲು.